ನಾನು ಕತ್ತರಿಸಿದ ಒಂದೂಮುಕ್ಕಾಲು ನಿಮಿಷ

ಎರಡು ತಿಂಗಳ ಹಿಂದೆ ಒಂದು ಶನಿವಾರ ಬೆಳಿಗ್ಗೆ ಬೀರುವಿನ ಕೆಳಗಿನ ಖಾನೆ ಎಳೆದೆ; ಗಪ್ಪೆಂದು ಹುಳಿ ವಾಸನೆ ಮೂಗಿಗೆ ಬಡಿಯಿತು. ಹಾಲ್‌ನಲ್ಲಿ ಪೇಪರು ಓದುತ್ತಿದ್ದ ನಮ್ಮವರಿಗೂ ಅದು ತಲುಪಿತು. "ಉಪ್ಪಿನಕಾಯಿ ಜಾಡಿ ಮತ್ತೆ ಸೀರೆ ಮಧ್ಯ ಇಟ್ಟಿದೀಯೇನೇ?" ಎಂದು ಅಲ್ಲಿಂದಲೇ ಕೇಳಿದರು. ಮತ್ತೆ ಅಂತೆ! ಮೈಸೂರಿನಿಂದ ತಂದ ಮಿಡಿ ಉಪ್ಪಿನಕಾಯಿಯನ್ನು ನಾನು ಹಾಗೆ ಬಚ್ಚಿಟ್ಟದ್ದು ಜೀವಮಾನದಲ್ಲಿ ಒಂದೇ ಒಂದು ಸಲ, ಅದೂ ಇವರ ಸ್ನೇಹಿತರು ದಂಡು ಕಟ್ಟಿಕೊಂಡು ಊಟಕ್ಕೆ ಬಂದಿದ್ದಾಗ. ಗಂಡಂದಿರು ಇಂಥದನ್ನು ಮರೆಯುವುದಿಲ್ಲ, ಮದುವೆಯ ದಿನಾಂಕ ಮಾತ್ರ ಮರೆಯುತ್ತಾರೆ.

ವಾಸನೆ ಬರುತ್ತಿದ್ದದ್ದು ಒಂದು ಕಂದು ಲಕೋಟೆಯಿಂದ. ಒಳಗೆ ಪಾರದರ್ಶಕ ಹಾಳೆಯೊಂದು, ಅದರ ಮೇಲೆ ಬೆಕ್ಕಿನ ಹಿಂಭಾಗ. ಬರೀ ಹಿಂಭಾಗ: ಎರಡು ಕಾಲು, ಮೇಲೆತ್ತಿದ ಬಾಲ. ಮುಂಭಾಗ ಆಗಲೇ ಚೌಕಟ್ಟು ದಾಟಿ ಆಚೆ ಹೋಗಿದೆ. ಕಂಪ್ಯೂಟರು ಬರುವ ಮುಂಚೆ ಜಪಾನಿನಲ್ಲಿ ಕಾರ್ಟೂನುಗಳನ್ನು ಮಾಡುತ್ತಿದ್ದದ್ದು ಇಂಥ ಹಾಳೆಗಳ ಮೇಲೆ. ಅವರು ಅದನ್ನು ಅನಿಮೆ ಎನ್ನುತ್ತಾರೆ. ಕಾರ್ಟೂನು ಎಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಬೆಕ್ಕು ಒಂದು ಹೆಜ್ಜೆ ಇಡಬೇಕಾದರೆ ಇಂಥ ಹತ್ತಾರು ಹಾಳೆ, ಒಂದೊಂದಕ್ಕೂ ಕೈಯಿಂದಲೇ ಬಣ್ಣ. ಹಾಳೆ ಹಳೆಯದಾದರೆ ಒಳಗೊಳಗೇ ಕೆಟ್ಟು ಹೀಗೆ ಹುಳಿ ನಾರುತ್ತದೆಯಂತೆ. ನನಗೆ ಇದನ್ನು ಕೊಟ್ಟವರು ಆಗಲೇ ಹೇಳಿದ್ದರು, "ಇದು ಒಂದು ದಿನ ನಾರುತ್ತದೆ, ಆಗ ಬಿಸಾಡಿ" ಎಂದು. ನಾರಿತು, ಆದರೆ ಬಿಸಾಡಲು ಮನಸ್ಸು ಬರಲಿಲ್ಲ.

ನಾನು ಬೀರು ತೆಗೆದದ್ದಾದರೂ ಹಳೆಯ ಆಫೀಸಿನ ಕಾಗದ ಹುಡುಕಲು. ಹಿಂದಿನ ದಿನ ಟೋಕಿಯೋದಿಂದ ಒಂದು ಮೇಲ್ ಬಂದಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು ಹೇಳಿದರೆ ಸಾಕು: ಹದಿನೇಳು ವರ್ಷದಿಂದ ನಾನು ಮುಚ್ಚಿಟ್ಟುಕೊಂಡ ಒಂದು ತಪ್ಪು, ನನ್ನದೇ ದುಂಡು ಅಕ್ಷರದಲ್ಲಿ, ಆ ಮೇಲ್‌ನ ಜೊತೆ ಬಂದು ಕೂತಿತ್ತು. ಆ ತಪ್ಪಿನಿಂದ ಇಬ್ಬರು ಒಳ್ಳೆಯ ಮನುಷ್ಯರ ಸ್ನೇಹ ಕೆಟ್ಟಿತ್ತು. ಅದು ನನ್ನಿಂದ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಮೊದಲು ಕಂಪನಿಯ ಕಥೆ ಹೇಳಿಬಿಡುತ್ತೇನೆ, ಕಂಪನಿ ಗೊತ್ತಿಲ್ಲದೆ ನನ್ನ ತಪ್ಪಿನ ರುಚಿ ನಿಮಗೆ ಹತ್ತುವುದಿಲ್ಲ. ಟೋಕಿಯೋದ ಒಂದು ಬೀದಿಯಲ್ಲಿ, ಛತ್ರಿ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅದು ಶುರುವಾದದ್ದು. ಸ್ವಂತ ಚಿತ್ರ ಮಾಡುವ ತಾಕತ್ತು ಇರಲಿಲ್ಲ. ದೊಡ್ಡ ಸ್ಟುಡಿಯೋಗಳು ಗೆರೆ ಎಳೆದು ಕಳಿಸಿದ ಹಾಳೆಗಳಿಗೆ ಬಣ್ಣ ತುಂಬಿ ವಾಪಸ್ಸು ಕೊಡುವುದಷ್ಟೇ ಕೆಲಸ, ನಮ್ಮ ಕಡೆ ಹೆಂಗಸರು ಮನೆಯಲ್ಲಿ ಕೂತು ಅಗರಬತ್ತಿ ಹೊಸೆದು ಕೊಡುವ ಹಾಗೆ. ಹತ್ತು ಹನ್ನೆರಡು ವರ್ಷ ಊರಿನವರ ಬೆಕ್ಕುಗಳಿಗೆಲ್ಲ ಬಣ್ಣ ಬಳಿದ ಮೇಲೆ ಯಜಮಾನರಿಗೆ ಹುಕಿ ಬಂತು, ನಮ್ಮದೇ ಒಂದು ಬೆಕ್ಕು ಯಾಕಿರಬಾರದು ಎಂದು. ಹಾಗೆ ಒಂದು ಸರಣಿ ಮಾಡಿದರು. ಜಪಾನಿನಲ್ಲಿ ಅದು ಓಡಲಿಲ್ಲ. ಕಂಪನಿ ಇನ್ನೇನು ಮುಚ್ಚಬೇಕು ಎನ್ನುವ ಹೊತ್ತಿಗೆ ಹೊರದೇಶದ ಒಂದು ಟಿವಿಯವರು ಬಂದು ನಮ್ಮಲ್ಲಿ ತೋರಿಸಲು ಅನುಮತಿ ಕೊಡಿ ಎಂದರು. ಆಗಲೇ ಯಜಮಾನರಿಗೆ ಜ್ಞಾನೋದಯವಾದದ್ದು: ಚಿತ್ರ ಒಂದು ಸಲ ಮಾಡಿದರೆ ಸಾಕು, ತೋರಿಸುವ ಹಕ್ಕನ್ನು ಊರೂರಿಗೂ ಕೊಡಬಹುದು, ಬೆಕ್ಕಿನ ಮುಖವನ್ನು ನೀರಿನ ಬಾಟಲಿಗೂ ಪೆನ್ಸಿಲ್ ಡಬ್ಬಿಗೂ ಕೊಡಬಹುದು. ಬಣ್ಣ ಬಳಿಯುವ ಕಂಪನಿ ಲೈಸೆನ್ಸ್ ಕೊಡುವ ಕಂಪನಿಯಾಯಿತು. ಈ ಸುತ್ತಿನ ದೇಶಗಳಿಗೆಲ್ಲ ಸೇರಿ ನಾವಿರುವ ಈ ಕ್ವಾಲಾಲಂಪುರದಲ್ಲಿ ಒಂದು ಶಾಖೆ ತೆರೆಯಿತು.

ಶಾಖೆ ಎಂದರೆ ಗಾಜಿನ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಭಾರತೀಯರ ಬಡಾವಣೆ ಬ್ರಿಕ್‌ಫೀಲ್ಡ್ಸಿನಲ್ಲಿ ಹೂವಿನಂಗಡಿ ಸಾಲಿನ ಹಿಂದೆ, ಒಬ್ಬ ತಮಿಳು ಟೈಲರನ ಅಂಗಡಿಯ ಮೇಲೆ ಮೂರು ಕೋಣೆ. ಕಿಟಕಿ ತೆಗೆದರೆ ಮಲ್ಲಿಗೆ, ಸಾಂಬಾರು, ಡೀಸೆಲು ಮೂರೂ ಒಟ್ಟಿಗೆ ಒಳಗೆ ಬರುತ್ತಿದ್ದವು. ಮಗಳನ್ನು ನರ್ಸರಿಗೆ ಬಿಟ್ಟು, ಅಲ್ಲೇ ಕರಿಬೇವು ಕೊಳ್ಳಲು ಹೋಗಿದ್ದ ನಾನು ಟೈಲರನ ಗೋಡೆಯ ಮೇಲೆ "ಇಂಗ್ಲಿಷ್ ಚೆನ್ನಾಗಿ ಬರೆಯುವವರು ಬೇಕಾಗಿದ್ದಾರೆ" ಎಂಬ ಚೀಟಿ ನೋಡಿದೆ. ಕರಿಬೇವಿನ ಕಟ್ಟು ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿದೆ. ಐಟಿ ಗಂಡನ ಹಿಂದೆ ಬಂದು ಮನೆಯಲ್ಲಿ ಕೂತು ಬೇಸತ್ತ ಮೈಸೂರಿನ ಎಂ.ಎ. ಹೆಂಗಸಿಗೆ ಅದೇ ಸಂದರ್ಶನ, ಅದೇ ಕೆಲಸ. ವೀಸಾ ಪರವಾನಗಿಯನ್ನೂ ಕಂಪನಿಯೇ ಮಾಡಿಸಿತು.

ಅಲ್ಲಿನ ಮುಖ್ಯಸ್ಥರು ಮೊರಿತಾ-ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಅದಿಲ್ಲದೆ ಯಾರನ್ನೂ ಕರೆಯುವಂತಿಲ್ಲ. ಆಗ ಅವರಿಗೆ ಅರವತ್ತರ ಹತ್ತಿರ. ಛತ್ರಿ ಅಂಗಡಿಯ ಮಹಡಿಯ ಕಾಲದಲ್ಲಿ ಬಣ್ಣ ಬಳಿಯುವ ಹುಡುಗನಾಗಿ ಸೇರಿದವರು. ಬಣ್ಣದ ಕೆಲಸ ಕಂಪ್ಯೂಟರಿಗೆ ಹೋದಾಗ ಉಳಿದವರು ಮನೆಗೆ ಹೋದರು, ಇವರು ಕೋಟು ಹಾಕಿಕೊಂಡು ಆಫೀಸರಾದರು. ಆದರೂ ಕೈ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಯಾರಾದರೂ ಕಾರ್ಖಾನೆಯವರು ಬೆಕ್ಕಿನ ಚಿತ್ರದ ಟಿಫಿನ್ ಡಬ್ಬಿಯ ಮಾದರಿ ತಂದರೆ, ಅದನ್ನು ತಕ್ಷಣ ನೋಡುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಯ ಹತ್ತಿರ ಬೆಳಕು ಸರಿಯಾಗಿ ಬರುತ್ತದೆ, ಆಗ ನೋಡಬೇಕು. ಹನ್ನೊಂದಕ್ಕೆ ಡಬ್ಬಿ ಹಿಡಿದು, ಬಣ್ಣದ ಪಟ್ಟಿ ಪಕ್ಕದಲ್ಲಿಟ್ಟು, ಐದು ನಿಮಿಷ ನೋಡಿ, "ಈ ಹಳದಿ ನಮ್ಮ ಹಳದಿ ಅಲ್ಲ" ಎನ್ನುತ್ತಿದ್ದರು. ಒಂದೇ ಡಬ್ಬಿ ಏಳು ಸಲ ವಾಪಸ್ಸಾದದ್ದುಂಟು. ನನಗೆ ಏಳೂ ಹಳದಿ ಒಂದೇ. ಸರಿಯಾದ ದಿನ ಮೇಜಿನ ಖಾನೆಯಿಂದ ಪುಟ್ಟ ಮುದ್ರೆ ತೆಗೆದು ಕಾಗದದ ಮೇಲೆ ಕೆಂಪಗೆ ಒತ್ತುತ್ತಿದ್ದರು. ಆ ಮುದ್ರೆ ಬಿದ್ದರೆ ಮುಗಿಯಿತು, ಅದು ಮೊರಿತಾ-ಸಾನ್ ಅವರ ಮಾತು.

ಇನ್ನೊಬ್ಬರು ಎನ್ಚಿಕ್ ಜಮಾಲ್. ಎನ್ಚಿಕ್ ಎಂದರೆ ಇಲ್ಲಿ ಶ್ರೀಯುತ. ನಮ್ಮ ಸರಣಿಗಳನ್ನು ತೋರಿಸುತ್ತಿದ್ದ ಟಿವಿ ಚಾನೆಲ್‌ನಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದರು. ಗುಂಡು ಮುಖ, ಗುಂಡು ಹೊಟ್ಟೆ, ನಕ್ಕರೆ ಎರಡೂ ಅಲುಗಾಡುತ್ತಿದ್ದವು. ಪ್ರತಿ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಅವರು ನೇರ ನಮ್ಮ ಬೀದಿಗೆ ಬರುವರು. ಕೆಳಗಿನ ಮೂಲೆಯ ಮಾಮಕ್ ಅಂಗಡಿಯಲ್ಲಿ, ಎಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೊರಿತಾ-ಸಾನ್ ಆಗಲೇ ಕಾದಿರುವರು. ನೊರೆ ಎಬ್ಬಿಸಿದ ಹಾಲಿನ ಚಹಾ ಎರಡು ಲೋಟ, ಎರಡು ಗಂಟೆ. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು ಅಷ್ಟೆ. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು, ಆದರೆ ಮೇಲಿನ ಕಿಟಕಿಯವರೆಗೂ ನಗು ಕೇಳಿಸುತ್ತಿತ್ತು. ಮೊರಿತಾ-ಸಾನ್ ನಗುತ್ತಾರೆ ಎಂದು ನನಗೆ ಗೊತ್ತಾದದ್ದೇ ಶುಕ್ರವಾರಗಳಿಂದ.

ಈಗ ಕತ್ತರಿಸುವ ಪಟ್ಟಿಯ ವಿಷಯ. ಯಾವುದೇ ಸರಣಿ ಇಲ್ಲಿನ ಟಿವಿಗೆ ಹೋಗುವ ಮುಂಚೆ ಕೆಲವು ದೃಶ್ಯಗಳನ್ನು ತೆಗೆಯಬೇಕಿತ್ತು: ಹಂದಿಮಾಂಸ, ಕುಡಿತ, ಎಲ್ಲರೂ ಒಟ್ಟಿಗೆ ಸ್ನಾನ ಮಾಡುವುದು, ಇಂಥವು. ಚಾನೆಲ್‌ನವರಿಗೆ ಯಾಕೆ ಆ ಮುಜುಗರ ಎಂದು ಮೊರಿತಾ-ಸಾನ್ ಅದನ್ನು ನಮ್ಮ ಆಫೀಸಿನಲ್ಲೇ ಮಾಡಿಸಿ ಕಳಿಸುತ್ತಿದ್ದರು. ಒಬ್ಬರು ಕೂತು ಎಲ್ಲ ಕಂತುಗಳನ್ನೂ ನೋಡಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ತೆಗೆಯಬೇಕು ಎಂದು ಬರೆಯುವುದು. ಮೊರಿತಾ-ಸಾನ್ ಮುದ್ರೆ ಒತ್ತುವುದು. ಪಟ್ಟಿ ಎಡಿಟಿಂಗಿಗೆ ಹೋಗುವುದು. ಆ ಕೆಲಸ ಮಾಡುತ್ತಿದ್ದ ಚೀನೀ ಹುಡುಗಿ ಹೆರಿಗೆಗೆ ಹೋದಳು. ಪೆನ್ನು ನನ್ನ ಕೈಗೆ ಬಂತು.

ನೀವೇ ಯೋಚಿಸಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ, ನಾಲ್ಕು ಮಡಿಯ ಮುದುಕಿಯರ ನಡುವೆ ಬೆಳೆದ ನನಗೆ ಬಟ್ಟಲಿನಲ್ಲಿ ಇರುವುದು ಹಂದಿಯೋ ಕೋಳಿಯೋ ಮೀನೋ ಹೇಗೆ ತಿಳಿಯಬೇಕು? ಜಪಾನಿನವರೋ, ಮಾತೆತ್ತಿದರೆ ಊಟ. ಹೀರೋ ಯುದ್ಧಕ್ಕೆ ಹೊರಟರೂ ಮೊದಲು ಒಂದು ಬಟ್ಟಲು ತಿಂದು ಹೊರಡುತ್ತಾನೆ. ಊಟದ ದೃಶ್ಯ ಬಂತೆಂದರೆ ಸಾಕು, ಅರ್ಧ ಕಣ್ಣು ಮುಚ್ಚಿಕೊಂಡು, ರಿಮೋಟಿನಲ್ಲಿ ಬೇಗ ಬೇಗ ಓಡಿಸಿ, ಬಟ್ಟಲಿನಲ್ಲಿ ಕಂದು ಬಣ್ಣದ್ದು ಏನೇ ಕಂಡರೂ ಪಟ್ಟಿಗೆ ಹಾಕಿಬಿಡುತ್ತಿದ್ದೆ. ಪಕ್ಕದ ಕೋಣೆಗೆ ಹೋಗಿ "ಇದು ಯಾವ ಮಾಂಸ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಎಂ.ಎ. ಓದಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದುಕೊಂಡಾರು ಎಂಬ ಜಂಭ ಒಂದು ಕಡೆ. ಮಾಂಸದ ಹೆಸರನ್ನು ಬಾಯಲ್ಲಿ ಆಡುವುದೇ ಕೀಳು ಎಂಬ, ಈಗ ನೆನೆದರೆ ನಾಚಿಕೆಯಾಗುವ, ಹಳೆಯ ಮಡಿ ಇನ್ನೊಂದು ಕಡೆ.

ಆ ವರ್ಷ ಹೋದದ್ದು ದೋಣಿ ರಿಪೇರಿ ಮಾಡುವ ಹುಡುಗಿಯೊಬ್ಬಳ ಸರಣಿ. ಕಂಪನಿ ಕೈಯಿಂದ ಬಣ್ಣ ಬಳಿದು ಮಾಡಿದ್ದ ಹಳೆಯ ಸರಣಿ. ಮೊರಿತಾ-ಸಾನ್‌ಗೆ ಅದು ಪ್ರಾಣ. ಹುಡುಗಿ ತಾತನ ಜೊತೆ ಇರುತ್ತಾಳೆ, ತಾಯಿ ದೂರದ ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ವರ್ಷಕ್ಕೊಮ್ಮೆ ಬರುತ್ತಾಳೆ. ಹನ್ನೆರಡನೇ ಕಂತಿನಲ್ಲಿ ತಾಯಿ ಬಂದ ದಿನ ಹುಡುಗಿ ಮೊದಲ ಸಲ ತಾನೇ ಅಡುಗೆ ಮಾಡಿ ಬಡಿಸುತ್ತಾಳೆ. ಒಂದೂಮುಕ್ಕಾಲು ನಿಮಿಷ ಇಬ್ಬರೂ ಮಾತಿಲ್ಲದೆ ಉಣ್ಣುತ್ತಾರೆ. ಕೊನೆಗೆ ತಾಯಿ ತನ್ನ ಬಟ್ಟಲಿನ ಒಂದು ಹೋಳನ್ನು ಅರ್ಧ ಮಾಡಿ ಮಗಳ ಬಟ್ಟಲಿಗೆ ಹಾಕುತ್ತಾಳೆ. ಅಷ್ಟೇ ದೃಶ್ಯ. ಅದರ ಹಾಳೆಗಳಿಗೆಲ್ಲ ಬಣ್ಣ ಬಳಿದವರು ಇಪ್ಪತ್ತರ ಹರೆಯದ ಮೊರಿತಾ. ಇದನ್ನೆಲ್ಲ ನಾನು ಆಮೇಲೆ ತಿಳಿದದ್ದು. ಆ ದಿನ ನಾನು ನೋಡಿದ್ದು ಕಂದು ಹೋಳು. ಬರೆದೆ, ಮೊರಿತಾ-ಸಾನ್ ನನ್ನ ಮೇಲಿನ ನಂಬಿಕೆಯಿಂದ ಓದದೆ ಮುದ್ರೆ ಒತ್ತಿದರು, ಎಡಿಟಿಂಗಿನವರು ಕತ್ತರಿಸಿದರು.

ಶನಿವಾರ ಬೆಳಿಗ್ಗೆ ಅದು ಟಿವಿಯಲ್ಲಿ ಬಂತು. ಸೋಮವಾರ ಮೊರಿತಾ-ಸಾನ್ ಆಫೀಸಿಗೆ ಬಂದವರು ನೇರ ತಮ್ಮ ಕೋಣೆಗೆ ಹೋದರು. ಹನ್ನೊಂದು ಗಂಟೆಯ ಬೆಳಕಿಗೆ ಒಂದು ನೀರಿನ ಬಾಟಲಿ ಕಾದಿತ್ತು, ಅದನ್ನು ನೋಡಲಿಲ್ಲ. ಊಟದ ಹೊತ್ತಿಗೆ ನನ್ನ ಮೇಜಿನ ಹತ್ತಿರ ನಿಂತು ಕೇಳಿದರು (ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ): "ಹನ್ನೆರಡನೇ ಕಂತಿನ ಊಟದ ದೃಶ್ಯವನ್ನು ಚಾನೆಲ್‌ನವರು ತೆಗೆದರೇ?"

ಅದು ನನ್ನ ಪಟ್ಟಿಯ ಕೆಲಸ ಎಂದು ಆ ಕ್ಷಣಕ್ಕೇ ನನಗೆ ತಿಳಿದುಹೋಯಿತು. ನನ್ನ ಪರವಾನಗಿ ನವೀಕರಣದ ಅರ್ಜಿ ಅವರ ಮೇಜಿನ ಮೇಲಿತ್ತು. ಅದು ನೆಪ, ಬಿಡಿ. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು, ಅದೇ ನಿಜ.

"ಇರಬಹುದು, ಸರ್," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನಾನು ಪೂರಾ ಒಂದು ಸುಳ್ಳನ್ನೂ ಆಡಲಿಲ್ಲ ನೋಡಿ, 'ಇರಬಹುದು' ಅಂದೆ ಅಷ್ಟೆ. ಸಂಜೆಯೊಳಗೆ ಹೇಳಿಬಿಡೋಣ ಎಂದುಕೊಂಡೆ. ಸಂಜೆ ಅವರು ಬೇಗ ಹೊರಟರು. ನಾಳೆ ಎಂದುಕೊಂಡೆ. ತಪ್ಪು ಒಪ್ಪಿಕೊಳ್ಳುವುದನ್ನು ಮುಂದೂಡಿದವರಿಗೆ ಗೊತ್ತು, ಎರಡನೇ ದಿನಕ್ಕೆ ಅದು ಎರಡು ಪಟ್ಟು ಭಾರವಾಗಿರುತ್ತದೆ, ವಾರ ಕಳೆದರೆ ಎತ್ತಲಾಗುವುದಿಲ್ಲ.

ಆ ಶುಕ್ರವಾರ ಮೊರಿತಾ-ಸಾನ್ ಕೆಳಗೆ ಹೋಗಲಿಲ್ಲ. ಕಿಟಕಿಯಿಂದ ನೋಡಿದೆ, ಎನ್ಚಿಕ್ ಜಮಾಲ್ ಎರಡು ಲೋಟ ಹೇಳಿ ಕಾದು ಕೂತಿದ್ದರು. ಒಂದು ಕುಡಿದರು, ಇನ್ನೊಂದು ಹಾಗೇ ಉಳಿಯಿತು. ಮುಂದಿನ ಶುಕ್ರವಾರವೂ ಬಂದರು. ಮೂರನೆಯ ಶುಕ್ರವಾರ ಬರಲಿಲ್ಲ. ನಮ್ಮ ಮೈಸೂರಾಗಿದ್ದರೆ ಇಬ್ಬರೂ ನಡುರಸ್ತೆಯಲ್ಲಿ ಕೂಗಾಡಿ, ಸಂಜೆ ಕಾಫಿ ಕುಡಿದು ರಾಜಿಯಾಗುತ್ತಿದ್ದರು. ಇಲ್ಲಿ ಒಬ್ಬರು ಜಪಾನೀ, ಕೇಳಿದರೆ ಎದುರಿನವರ ಮಾನ ಹೋದೀತು ಎಂದು ಕೇಳಲಿಲ್ಲ. ಇನ್ನೊಬ್ಬರು ಮಲಯ್, ಹಿರಿಯರಿಗೆ ಏನೋ ಬೇಸರವಾಗಿದೆ, ಕೆದಕಬಾರದು ಎಂದು ಅವರೂ ಕೇಳಲಿಲ್ಲ. ಇಬ್ಬರ ಮಧ್ಯೆ, ಬಸ್ಸಿನಲ್ಲಿ ಪಕ್ಕ ಕೂತವರ ಕುಲಗೋತ್ರ ಎಲ್ಲ ವಿಚಾರಿಸುವ ನಾನು, ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಅದಾದ ಮೇಲೆ ಕಂಪನಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಯಜಮಾನರು ತೀರಿಕೊಂಡರು, ಮಕ್ಕಳಿಗೆ ಬೆಕ್ಕುಗಳಲ್ಲಿ ಆಸಕ್ತಿ ಇರಲಿಲ್ಲ, ದೊಡ್ಡ ಕಂಪನಿಯೊಂದು ಎಲ್ಲ ಸರಣಿಗಳನ್ನೂ ಒಟ್ಟಿಗೆ ಕೊಂಡಿತು. ಶಾಖೆ ಮುಚ್ಚುವ ದಿನ ಒಂದು ಸಣ್ಣ ಬೀಳ್ಕೊಡುಗೆ. ಬೆಕ್ಕಿನ ಹಿಂಭಾಗದ ಹಾಳೆಯನ್ನು ಮೊರಿತಾ-ಸಾನ್ ನನಗೆ ಕೊಟ್ಟದ್ದು ಅಂದೇ. ಎನ್ಚಿಕ್ ಜಮಾಲ್ ತೆಂಗಿನಕಾಯಿ ಸಿಹಿಯ ಡಬ್ಬಿ ಹಿಡಿದುಕೊಂಡು, ಕರೆಯದಿದ್ದರೂ ಬಂದರು. ಮೊರಿತಾ-ಸಾನ್ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಬಗ್ಗಿ ವಂದಿಸಿದರು. ಕೂತುಕೊಳ್ಳಿ ಎನ್ನಲಿಲ್ಲ. ಜಮಾಲ್ ಅರ್ಧ ನಿಮಿಷ ಬಾಗಿಲಲ್ಲಿ ನಿಂತು, ಕೈಯೊರೆಸಿಕೊಂಡು, ಮೆಟ್ಟಿಲಿಳಿದು ಹೋದರು. ನಾನು ಪೇಪರ್ ತಟ್ಟೆ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಅವತ್ತು ಅರ್ಥವಾಯಿತು. ಇಷ್ಟು ವರ್ಷ, ಮಾಮಕ್ ಅಂಗಡಿಯಲ್ಲಿ ಯಾರೇ ಇಬ್ಬರು ವಯಸ್ಸಾದವರು ಕೂತು ನಕ್ಕರೂ ನನಗೆ ಆ ಬಾಗಿಲು ಕಾಣುತ್ತಿತ್ತು.

ಈಗ ಮೇಲ್‌ಗೆ ಬರುತ್ತೇನೆ. ಹಕ್ಕುಗಳನ್ನು ಕೊಂಡ ಕಂಪನಿ ದೋಣಿಯ ಹುಡುಗಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕಲು ಹೊರಟಿತ್ತು. ಮಲಯ್ ಧ್ವನಿ ಸೇರಿಸಿದ ಪ್ರತಿಯಲ್ಲಿ ಹನ್ನೆರಡನೇ ಕಂತು ಒಂದೂಮುಕ್ಕಾಲು ನಿಮಿಷ ಕಡಿಮೆ ಇದೆ, ಪಟ್ಟಿಯಲ್ಲಿ ಕಾರಣ 'ಆಹಾರ' ಎಂದಷ್ಟೇ ಇದೆ, ಇದು ಚಾನೆಲ್‌ನವರು ಕೇಳಿ ತೆಗೆಸಿದ್ದೇ? ಹೌದಾದರೆ ಹಾಗೇ ಬಿಡುತ್ತೇವೆ, ದಯವಿಟ್ಟು ತಿಳಿಸಿ, ಎಂದು ಬಹಳ ವಿನಯದಿಂದ ಬರೆದಿದ್ದರು. ಜೊತೆಗೆ ಪಟ್ಟಿಯ ಚಿತ್ರ: ನನ್ನ ಅಕ್ಷರ, ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಮೊರಿತಾ-ಸಾನ್ ಅವರ ಕೆಂಪು ಮುದ್ರೆ. ಹೌದು ಎಂದು ಒಂದು ಪದ ಬರೆದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಜಮಾಲ್ ಮಾತ್ರ ಶಾಶ್ವತವಾಗಿ ತಪ್ಪಿತಸ್ಥರಾಗುತ್ತಿದ್ದರು. ಬೀರು ಹುಡುಕಿದ್ದೂ ಸುಳ್ಳೇ, ನಿಜ ಹೇಳಬೇಕೆಂದರೆ. ಯಾವ ಕಾಗದವೂ ನನಗೆ ಬೇಕಿರಲಿಲ್ಲ. ಉತ್ತರ ಬರೆಯುವುದನ್ನು ಇನ್ನೊಂದು ಗಂಟೆ ಮುಂದೂಡಲು ಏನಾದರೊಂದು ಕೆಲಸ ಬೇಕಿತ್ತು.

ಊಟಕ್ಕೆ ಕೂತಾಗ ಮನೆಯವರಿಗೆ ಎಲ್ಲ ಹೇಳಿದೆ. ನಮ್ಮವರು ಅನ್ನ ಕಲಸುವುದನ್ನು ನಿಲ್ಲಿಸಿ, ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲೇ ಎಂದರು. ಆಫೀಸಿಗೆ ಸೇರಿದಾಗ ನರ್ಸರಿಯಲ್ಲಿದ್ದ ಮಗಳು ಈಗ ಕೆಲಸಕ್ಕೆ ಹೋಗುತ್ತಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್, ಅದಕ್ಕೆ ಇಲ್ಲಿನವರ ಹಾಗೆ 'ಲಾ' ಎಂಬ ಬಾಲ ಬೇರೆ. "ಅಮ್ಮಾ, ಜಸ್ಟ್ ಕಾಲ್ ಹಿಮ್ ಲಾ," ಎಂದು ನನ್ನ ಫೋನನ್ನು ತಟ್ಟೆಯ ಪಕ್ಕಕ್ಕೆ ತಳ್ಳಿದಳು. ಅವಳಿಗೆ ಅದೊಂದು ಫೋನು, ಅಷ್ಟೆ.

ಮೊದಲು ಟೋಕಿಯೋಗೆ ಬರೆದೆ: ಚಾನೆಲ್‌ನವರು ಕೇಳಿರಲಿಲ್ಲ, ಕಾರಣ ನನ್ನ ತಿಳಿಗೇಡಿತನ. ಅವರು ಎರಡೇ ದಿನದಲ್ಲಿ, ದೃಶ್ಯದಲ್ಲಿ ಮಾತಿಲ್ಲವಾದ್ದರಿಂದ ಹಾಗೇ ಸೇರಿಸಬಹುದು ಎಂದು ಆ ತುಣುಕನ್ನು ನನಗೂ ಕಳಿಸಿದರು. ಅಷ್ಟು ಸುಲಭ. ಆಮೇಲೆ ಮೊರಿತಾ-ಸಾನ್‌ಗೆ ಫೋನು ಮಾಡಿದೆ. ಅವರು ಜಪಾನಿಗೆ ವಾಪಸ್ಸು ಹೋಗಲೇ ಇಲ್ಲ. ಅಲ್ಲಿನ ಚಳಿ ಮಂಡಿಗೆ ಆಗುವುದಿಲ್ಲ ಎಂದು ಇಲ್ಲೇ ಉತ್ತರಕ್ಕಿರುವ ಇಪೋ ಊರಿನಲ್ಲಿ ಒಂದು ಮನೆ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಹತ್ತು ಗಂಟೆ. ನಡುವೆ ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. 

"ಇವತ್ತು ನನಗೆ ಕೋಪ ಬಂದಿದೆ," ಎಂದರು. "ನಾಳೆ ಮಾಡಿ."

ಅಷ್ಟು ವರ್ಷ ಜೊತೆ ಕೆಲಸ ಮಾಡಿದವಳಿಗೆ ಅವರ ಬಾಯಿಂದ ಕೋಪ ಎಂಬ ಮಾತು ಕೇಳಿಸಿದ್ದು ಅದೇ ಮೊದಲು. ಮರುದಿನ ಹತ್ತಕ್ಕೆ ಮಾಡಿದೆ. "ಇನ್ನೂ ಇದೆ, ನಾಳೆ ಮಾಡಿ." ಅದರ ಮರುದಿನವೂ ಅದೇ. ನಮ್ಮವರು ಇದೇನು ವ್ರತವೇ ಎಂದು ನಕ್ಕರು. ನನಗೆ ನಗು ಬರಲಿಲ್ಲ. ದಿನಾ ಹತ್ತಕ್ಕೆ ಫೋನು ಮಾಡುವುದು, ಕೋಪ ಇದೆಯೇ ಎಂದು ಕೇಳುವುದು, ಇದೆ ಎಂದು ಕೇಳಿಸಿಕೊಳ್ಳುವುದು. ಫೋನು ಇಟ್ಟ ಮೇಲೆ ಒಂದಿಷ್ಟು ಅಳುವುದು. ಒಂಬತ್ತನೆಯ ದಿನ ಅವರು ಬೇರೆ ಮಾತಾಡಿದರು. ಶುಕ್ರವಾರದ ರೈಲಿಗೆ ಟಿಕೆಟ್ಟು ತೆಗೆದಿದ್ದೇನೆ, ಜಮಾಲ್-ಸಾನ್ ಎಲ್ಲಿದ್ದಾರೋ ಹುಡುಕಿ, ಆದರೆ ವಿಷಯ ನೀವು ಹೇಳಬೇಡಿ, ಮೊದಲು ನಾನು ಹೇಳಬೇಕು ಎಂದರು.

ಜಮಾಲ್ ನಿವೃತ್ತರಾಗಿ ಕ್ಲಾಂಗ್ ಬಂದರಿನ ಹತ್ತಿರ ಮಗನ ಮನೆಯಲ್ಲಿದ್ದರು. ಮೊರಿತಾ-ಸಾನ್ ನಿಮ್ಮ ಜೊತೆ ಶುಕ್ರವಾರ ಚಹಾ ಕುಡಿಯಬೇಕು ಅಂತಿದ್ದಾರೆ ಎಂದೆ. ಫೋನಿನಲ್ಲಿ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಎಲ್ಲರನ್ನೂ ಗದರಿ ಸುಮ್ಮನಾಗಿಸಿ, "ಎಷ್ಟು ಗಂಟೆಗೆ?" ಎಂದು ಮಾತ್ರ ಕೇಳಿದರು.

ಟೈಲರನ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ, ಆದರೆ ಮೂಲೆಯ ಮಾಮಕ್ ಹಾಗೇ ಇದೆ. ರೈಲು ನಿಲ್ದಾಣದಿಂದ ಮೊರಿತಾ-ಸಾನ್‌ರನ್ನು ನಾನೇ ಕರೆತಂದೆ.  ಜಮಾಲ್ ಆಗಲೇ ಕೂತಿದ್ದರು, ಹೊಟ್ಟೆ ಕರಗಿಹೋಗಿತ್ತು. ಮೊದಲ ಅರ್ಧ ಗಂಟೆ ಇಬ್ಬರೂ ಮಂಡಿಯ ಬಗ್ಗೆ ಮಾತಾಡಿದರು. ಯಾವ ಮಂಡಿ, ಯಾವ ಎಣ್ಣೆ, ಮೆಟ್ಟಿಲು ಹತ್ತುವುದು ಕಷ್ಟವೋ ಇಳಿಯುವುದೋ.  ಕಡೆಗೆ ಮೊರಿತಾ-ಸಾನ್ ಕುರ್ಚಿ ಹಿಂದೆ ಸರಿಸಿ ಎದ್ದು, ಆ ಮಂಡಿಯನ್ನು ಇಟ್ಟುಕೊಂಡೇ ಸೊಂಟದವರೆಗೆ ಬಗ್ಗಿದರು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. "ಹನ್ನೆರಡನೇ ಕಂತನ್ನು ನೀವು ಕತ್ತರಿಸಲಿಲ್ಲ. ನಮ್ಮ ಆಫೀಸು ಕತ್ತರಿಸಿತು. ಪಟ್ಟಿಯ ಮೇಲೆ ನನ್ನ ಮುದ್ರೆ ಇದೆ."

ನನ್ನ ಹೆಸರು ಹೇಳಲಿಲ್ಲ. ಆಗ ನಾನೂ ಎದ್ದೆ. ಅದು ನನ್ನ ಕೆಲಸ, ಅವರು ಕೇಳಿದಾಗ 'ಇರಬಹುದು' ಎಂದು ನಿಮ್ಮ ತಲೆಗೆ ಕಟ್ಟಿದವಳೂ ನಾನೇ ಎಂದೆ. 

ಜಮಾಲ್ ನಮ್ಮಿಬ್ಬರನ್ನೂ ಸರದಿಯಂತೆ ನೋಡಿದರು. "ಏನನ್ನು ಕತ್ತರಿಸಿದ್ದು?" ಎಂದು ಕೇಳಿದರು.

ಅವರಿಗೆ ಏನೂ ಗೊತ್ತೇ ಇರಲಿಲ್ಲ. ಅವರಿಗೆ ಹೋದ ಟೇಪಿನಲ್ಲಿ ಆ ದೃಶ್ಯ ಇರಲೇ ಇಲ್ಲವಲ್ಲ! ತಮ್ಮ ಮೇಲೆ ಒಂದು ಅಪವಾದ ಇದೆ ಎಂಬುದೂ ತಿಳಿಯದೆ ಹದಿನೇಳು ವರ್ಷ ಕಳೆದಿದ್ದರು. ಕೊನೆಯ ಶುಕ್ರವಾರ ತಾವು ಮೊರಿತಾರ ಇಂಗ್ಲಿಷನ್ನು ಅಣಕಿಸಿದ್ದರಿಂದ ಅವರಿಗೆ ನೋವಾಗಿರಬೇಕು ಎಂದುಕೊಂಡಿದ್ದರಂತೆ. ಬೀಳ್ಕೊಡುಗೆಗೆ ಸಿಹಿ ತಂದದ್ದು ಅದಕ್ಕೆ ಕ್ಷಮೆ ಕೇಳಲು. ಕೂರಲು ಹೇಳಲಿಲ್ಲವಾದ್ದರಿಂದ ಕೇಳದೆ ಹೋದರಂತೆ. ಇದನ್ನು ಕೇಳಿ ಮೊರಿತಾ-ಸಾನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನಿಸಿತು.

"ತೋರಿಸಿ ಲಾ, ನಾನು ನೋಡೇ ಇಲ್ಲ," ಎಂದರು ಜಮಾಲ್.

ಫೋನನ್ನು ಚಹಾ ಲೋಟಕ್ಕೆ ಒರಗಿಸಿ ತುಣುಕು ಹಾಕಿದೆ. ಮೂರು ತಲೆಗಳೂ ಬಗ್ಗಿದವು. ತಾಯಿ ಬಂದಳು, ಮಗಳು ಬಡಿಸಿದಳು, ಹಬೆ ಎದ್ದಿತು. ಬಟ್ಟಲು ಹತ್ತಿರ ಬಂದ ಕೂಡಲೇ ಜಮಾಲ್ ಹುಬ್ಬು ಗಂಟಿಕ್ಕಿದರು.

"ಇದು ತೌಹು ಅಲ್ವಾ?"

ತೌಹು. ಸೋಯಾ ಹಾಲಿನ ಪನೀರು. ಬ್ರಿಕ್‌ಫೀಲ್ಡ್ಸಿನ ಯಾವ ತರಕಾರಿ ಅಂಗಡಿಯಲ್ಲೂ ಸಿಗುತ್ತದೆ, ನಾನು ವಾರಕ್ಕೆರಡು ಸಲ ಹುಳಿಗೆ ಹಾಕುತ್ತೇನೆ. ಸಸ್ಯಾಹಾರಿಯಾದ ನಾನು, ಆ ಇಡೀ ಸರಣಿಯಲ್ಲಿ ನಾನೂ ಉಣ್ಣಬಹುದಾಗಿದ್ದ ಒಂದೇ ಒಂದು ಊಟವನ್ನು ಕತ್ತರಿಸಿ ಹಾಕಿದ್ದೆ. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು.

"ತೌಹು," ಎಂದು ಒಪ್ಪಿಕೊಂಡರು ಮೊರಿತಾ-ಸಾನ್, ಕಣ್ಣೊರೆಸಿಕೊಳ್ಳುತ್ತ. "ಬಣ್ಣ ಸ್ವಲ್ಪ ಗಾಢವಾಯಿತು. ಆಗಲೇ ನಿರ್ದೇಶಕರು ಬೈದಿದ್ದರು, ಮಾಂಸದ ಹಾಗೆ ಕಾಣುತ್ತದೆ ಎಂದು. ನಾನು ವಾದ ಮಾಡಿದ್ದೆ." ಇಷ್ಟು ಹೇಳಿ ಅವರಿಗೆ ನಗು ಬಂತು. ಜಮಾಲ್‌ಗೂ ಬಂತು. ಇಬ್ಬರೂ ಸೇರಿ ಎಷ್ಟು ನಕ್ಕರೆಂದರೆ ಅಂಗಡಿಯವನು ಏನಾಯಿತೆಂದು ಓಡಿ ಬಂದ. ನಾನು ನಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ, ನಾಚಿಕೆ ಬಿಟ್ಟು.

ಹೊರಡುವಾಗ ಮುಂದಿನ ಶುಕ್ರವಾರವೂ ಇದೇ ಹೊತ್ತಿಗೆ ಎಂದು ಇಬ್ಬರೂ ಗೊತ್ತು ಮಾಡಿಕೊಂಡರು. ಜಮಾಲ್ ನನ್ನ ಕಡೆ ತಿರುಗಿ, ನೀವೂ ಬನ್ನಿ ಎಂದರು. ನಾನು ಮೊರಿತಾ-ಸಾನ್ ಮುಖ ನೋಡಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು, ಹಳೆಯ ಕಾಲದಲ್ಲಿ ಡಬ್ಬಿಯ ಮಾದರಿ ಮುಂದಿಟ್ಟಾಗ ಯೋಚಿಸುತ್ತಿದ್ದಷ್ಟೇ ಹೊತ್ತು.

"ನನಗೆ ಇನ್ನೂ ಸ್ವಲ್ಪ ಕೋಪ ಇದೆ," ಎಂದರು. "ಇವರು ಒಂದು ತಿಂಗಳು ಬಿಟ್ಟು ಬರಲಿ."

ಬರುವ ಶುಕ್ರವಾರಕ್ಕೆ ಆ ತಿಂಗಳು ತುಂಬುತ್ತದೆ. ಯಾವ ಹಬ್ಬಕ್ಕೂ ನಾನು ಹೀಗೆ ದಿನ ಎಣಿಸಿದವಳಲ್ಲ.